ಸಿಲಬಸ್‌ನ್ಯಾಗ ಇಲ್ಲ

ನವೆಂಬರ್ 18

ಓಮನ ನಿಯಮ ಮತ್ತ ಬರದೆ. V = IR. ಬಾಯಿಪಾಠ ಬರ್ತೈತಿ, ಲೆಕ್ಕ ಬರಂಗಿಲ್ಲ. ಕೋಮಲ ಅಂತಾಳ — ಲೆಕ್ಕ ಬಂದ್ರ ಬಾಯಿಪಾಠ ಬೇಕಾಗೂದೇ ಇಲ್ಲ, ನೀ ಉಲ್ಟಾ ಓದಾಕತ್ತಿ.

ಈ ಡೈರಿ ಬರಿಯಾಕ ಹೇಳಿದವರು ಜಿನಮತಿ ಟೀಚರ್. ನಮಗ ವಿಜ್ಞಾನ ಕಲಿಸ್ತಾರ. ಎಂಟನೇ ಕ್ಲಾಸ್ ತನಕ ನಂದು ಮೀರಜದಾಗ ಮರಾಠಿ ಸಾಲಿ. ಮಾತ ಕನ್ನಡ, ಬರಿಯೂದ ಮರಾಠಿ. "ದಿನಾ ಒಂದ ಪಾನ ಏನರ ಬರಿ, ದೀಪಾಲಿ. ಯಾರಿಗೂ ತೋರಸಬ್ಯಾಡ. ಕೈಗೆ ಕನ್ನಡ ಹತ್ತಲಿ" ಅಂದಾರ. ದಿನಾ ಆಗಂಗಿಲ್ಲ. ಆದಾಗ ಬರಿಯೂದು.

ಇಲ್ಲಿನ ರೋಧ ಮರಾಠಿಯೊಳಗೂ ರೋಧನ. ವಿಭವಾಂತರ ಅಲ್ಲೂ ವಿಭವಾಂತರನ. ಕಾಂತಕ್ಕ ಮಾತ್ರ ಅಲ್ಲಿ ಚುಂಬಕ ಅಂತಾರ. ಹೋದ ವರ್ಷ ಕ್ಲಾಸಿನ್ಯಾಗ ಬಾಯಿ ತಪ್ಪಿ "ಚುಂಬಕ" ಅಂದೆ. ಹುಡುಗ್ರು ವಾರಗಟ್ಟಲೆ ಅದನ್ನ ಹಿಡಕೊಂಡ ನಕ್ಕರು. ಕೋಮಲ ನಗಲಿಲ್ಲ. ಭಾಳ ನಕ್ಕವನ ತಲಿಗೆ ಕಂಪಾಸ್ ಬಾಕ್ಸಿಲೆ ಹೊಡದ್ಲು. ಆಮ್ಯಾಲ ಯಾರೂ ನಗಲಿಲ್ಲ.

ಕೋಮಲ ಮಾಮಾನ ಮಗಳು. ಒಂದ ಕ್ಲಾಸು, ಒಂದ ಬೆಂಚು, ಇಬ್ಬರಿಗೂ ಸೇರಿ ಒಂದ ಸೈಕಲ್. ಈ ಮನಿ ಅವರದು. ಅಪ್ಪ ಮೀರಜದಾಗ ಬ್ಯಾರೆ ಸಂಸಾರ ಹೂಡಿದ ಮ್ಯಾಲ ಅವ್ವ ನನ್ನ ಕರಕೊಂಡು ತಮ್ಮನ ಮನಿಗೆ, ಇಲ್ಲಿ ಉಗಾರಕ್ಕ ಬಂದ್ಲು. ಅದಕ್ಕ ಎರಡ ವರ್ಷ ಆಗಾಕ ಬಂತು. ಯಾರೂ "ಯಾವಾಗ ಹೋಗತೀರಿ" ಅಂತ ಕೇಳಿಲ್ಲ. ಕೇಳಿಲ್ಲ ಅನ್ನೂದನ್ನ ಅವ್ವ ದಿನಾ ನೆನಸ್ತಾಳ.

ಸಕ್ಕರಿ ಕಾರಖಾನಿ ಚಾಲೂ ಆಗೇತಿ. ಮಾಳಗಿ ಮ್ಯಾಲ ಓದಾಕ ಕುಂತ್ರ ಪುಸ್ತಕದ ಮ್ಯಾಲ ಕರೀ ಬೂದಿ ಬೀಳತೈತಿ. ಊದಿದ್ರ ಹೋಗತೈತಿ, ಒರಸಿದ್ರ ಹತ್ತತೈತಿ.

ನವೆಂಬರ್ 27

ಇವತ್ತ ತಿಳೀತು!! ಸಮಾಂತರ ಜೋಡಣೆ.

12 ಓಮ್, 6 ಓಮ್. ಸಮಾಂತರ ಜೋಡಿಸಿದ್ರ 4 ಬರ್ತೈತಿ. ನನಗ ನಂಬಿಕಿ ಬರಲೇ ಇಲ್ಲ. ಎರಡ ರೋಧ ಕೂಡಿದ ಮ್ಯಾಲ ಹೆಚ್ಚ ಆಗಬೇಕಲ್ಲ, ಸಣ್ಣದಕಿಂತ ಸಣ್ಣದ ಹೆಂಗಾತು? ಮೂರ ದಿನದಿಂದ ಅದ ಹುಳ ತಲ್ಯಾಗ.

ಕೋಮಲ ನನ್ನ ಕೈ ಹಿಡಕೊಂಡ ಮಾಳಗಿ ತುದಿಗೆ ಕರಕೊಂಡ ಹೋದ್ಲು. ಅಲ್ಲಿಂದ ಕಬ್ಬಿನ ಟ್ರ್ಯಾಕ್ಟರ್ ಸಾಲ ಕಾಣತೈತಿ. "ಗೇಟ್ ಒಂದ ಇದ್ರ ಏನಾಕ್ಕೈತಿ?" "ನಿಂದರ್ತಾವ." "ಬಾಜೂಕ ಇನ್ನೊಂದ ಗೇಟ್ ತೆಗದ್ರ? ಅದೂ ಇರಕಟ್ಟ ಐತಿ ಅನಕೊ." "ಆದ್ರೂ ಲಗೂ ಹೋಗ್ತಾವ." "ಅಷ್ಟ. ಗೇಟ್ ಎಷ್ಟರ ಇರಕಟ್ಟ ಇರಲಿ, ಒಂದ ದಾರಿ ಹೆಚ್ಚಾತಂದ್ರ ತಡಿಯೂದ ಕಡಿಮಿ ಆತು."

ಇಷ್ಟನ?! ಟೀಚರ್ ಆಗು ನೀ ಅಂದೆ. "ಹುಚ್ಚಿ, ನಾ ಡಾಕ್ಟರ್ ಆಗಬೇಕಂತ, ನಮ್ಮವ್ವ ಎಲ್ಲಾರಿಗೂ ಹೇಳಿ ಇಟ್ಟಾಳ" ಅಂದ್ಲು. ನಗಲಿಲ್ಲ.

ಡಿಸೆಂಬರ್ 11

ವಿಜ್ಞಾನದ ಪುಸ್ತಕ ಈ ವರ್ಷ ಸಾಲಿಗೆ ಕಡಿಮಿ ಬಂದಾವ. ಒಂದ ಮನಿಯವರು ಇದ್ರ ಒಂದರಾಗ ಸುಧಾರಿಸ್ರಿ ಅಂದ್ರು. ಹೊಸಾದು ಕೋಮಲಗ. ನನಗ ಅಕಿ ಅಣ್ಣ ವಿಶಾಲನ ಹಳೇದು — ಅಂವ ಈಗ ಚಿಕ್ಕೋಡಿಯೊಳಗ ಡಿಪ್ಲೊಮಾ. ಪಾನಪಾನಕ್ಕ ಮೀಸಿ ಬರದಾನ. ವಿಜ್ಞಾನಿಗಳಿಗೆಲ್ಲಾ ಮೀಸಿ.

ಸಂಜಿಮುಂದ ಅವ್ವ ಮಾಮಾನ ಅಂಗಿ ಇಸ್ತ್ರಿ ಮಾಡಾಕತ್ತಿದ್ಲು. H = I²Rt ಅಂತ ನಾ ಹೇಳಿದೆ. ಪ್ರವಾಹ ಎರಡ ಪಟ್ಟ ಆದ್ರ ಕಾವು ನಾಕ ಪಟ್ಟ. ಅವ್ವ ಎಲ್ಲಾ ಕೇಳಿದ್ಲು. "ನಿನಗ ಇಷ್ಟೆಲ್ಲಾ ಬರ್ತೈತೇನ?" ಅಂದ್ಲು. ಆಮ್ಯಾಲ ಬಾಗಿಲ ಕಡೆ ನೋಡಿದ್ಲು. ಮಾಮಿ ಇದ್ದಿಲ್ಲ. ಇದ್ದಿಲ್ಲ ಅಂತ ನೋಡಿಕೊಂಡ ಮ್ಯಾಲ ನಕ್ಕಳು.

ಜನವರಿ 13

ಮೊದಲನೇ ಪ್ರಿಪರೇಟರಿ ವಿಜ್ಞಾನ ಪೇಪರ್ ಕೊಟ್ರು. ಎಂಬತ್ತಕ್ಕ ನನಗ 72. ಕೋಮಲಗ 66. ಕ್ಲಾಸಿಗೆ ನಾನ ಫಸ್ಟ್.

ಟೀಚರ್ ನಿಂದರಿಸಿ ಚಪ್ಪಾಳಿ ಹೊಡಿಸಿದ್ರು. "ಮರಾಠಿ ಸಾಲಿಯಿಂದ ಬಂದ ಹುಡುಗಿ ಇಕಿ, ನೋಡ್ರಿ." ಎಲ್ಲಾರಕಿಂತ ಜೋರ ಚಪ್ಪಾಳಿ ಕೋಮಲಂದು. ಖರೆ. ನಾ ನೋಡೀನಿ.

ಸೈಕಲ್ ಮ್ಯಾಲ ಬರೂಮುಂದ ಅಕಿ ಹಿಂದ ಕುಂತಿದ್ಲು. ದಿನಾ ಮಾತಾಡಕೋತ ಬರಾಕಿ. "ಏನಾತು?" ಅಂದೆ. "ಮನಿಗೆ ಹೋದಕೂಡ್ಲೆ ಹೇಳಬ್ಯಾಡ. ನಾ ಹೇಳತೀನಿ" ಅಂದ್ಲು.

ಜನವರಿ 14

ಸಂಕ್ರಮಣ. ಮಾಮಿ ಕುಸರೆಳ್ಳು ಕೊಟ್ಲು, ಮಾತ ಕೊಡಲಿಲ್ಲ. ಅಡಗಿಮನ್ಯಾಗ ಪಾತ್ರಿ ಭಾಂಡೆ ಸಪ್ಪಳ ಮಾಡಿ ಎತ್ತಿ ಎತ್ತಿ ಇಡಾಕತ್ತಿದ್ಲು. ಮಾಮಾ "ಭಾರಿ ಮಾರ್ಕ್ಸ್ ತಗೊಂಡಿ ಅಂತಲ್ಲ" ಅಂದ, ಮಾಮಿ ಒಳಗಿಂದ ಏನೋ ಕೂಗಿದ್ಲು, ಸುಮ್ಮ ಆದ.

ಅವ್ವಗ ಪೇಪರ್ ತೋರಿಸಿದೆ. ಮ್ಯಾಲಿನ ಕೆಂಪ ನಂಬರಿನ ಮ್ಯಾಲ ಬಟ್ಟ ಇಟ್ಟು ಭಾಳ ಹೊತ್ತ ನೋಡಿದ್ಲು. ಒಳಗ ಮತ್ತ ಭಾಂಡೆ ಸಪ್ಪಳ. ಪೇಪರ್ ನಾಕ ಮಡಿಕಿ ಮಾಡಿ ತನ್ನ ಸೀರಿ ಗಂಟಿನ್ಯಾಗ ಇಟಗೊಂಡ್ಲು. ಶಾಬಾಸ್ ಅನ್ನಲಿಲ್ಲ. ಆಮ್ಯಾಲ ಅಂತಾಳೇನೋ.

ಜನವರಿ 17

ಜ್ವರ. ಕೈಬಟ್ಟಿನ ಗಂಟೆಲ್ಲಾ ನೋವು. ಪೆನ್ನ ಹಿಡಿಯಾಕ ಆಗವಲ್

ಜನವರಿ 27

ಇವತ್ತ ಎದ್ದ ಕುಂತೆ. ಸಾಲಿ ತಪ್ಪಿ ವಾರದ ಮ್ಯಾಲ ಆತು. ಅಷ್ಟರಾಗ ಟೀಚರ್ ಕಾಂತದ ಪಾಠ ಪೂರಾ ಮುಗಿಸಿದ್ರಂತ. ಎರಡನೇ ಪ್ರಿಪರೇಟರಿ ಬಂದ ಬಿಟ್ಟೈತಿ.

ಅವ್ವ ಈ ವಾರ ನನ್ನ ಬಿಟ್ಟ ಅಲುಗಾಡಿಲ್ಲ. ಹಣಿ ಮ್ಯಾಲ ಒದ್ದಿ ಅರಬಿ ಹಾಕೂದು, ಗಂಜಿ ಕುಡಸೂದು, ಕಾಲ ಒತ್ತೂದು. ಕಣ್ಣ ತೆಗದಾಗೆಲ್ಲಾ ಅವ್ವ. ಒಮ್ಮೆ ಕಣ್ಣ ತೆಗದಾಗ ಬಾಗಿಲ ಹೊರಗ ಕೋಮಲನ ಕೂಡ ಏನೋ ಸಣ್ಣ ದನ್ಯಾಗ ಮಾತಾಡಾಕತ್ತಿದ್ಲು. ನನ್ನ ಬಗ್ಗೇನ ಇರಬೇಕು. ಕೋಮಲ ಅಳು ಮಾರಿ ಮಾಡಿದ್ಲು. ಪಾಪ, ನಾ ಸಾಯತೀನಿ ಅಂತ ಅಂಜಿರಬೇಕು.

ಸಂಜಿಕ ಕೋಮಲ ತನ್ನ ಹೊಸ ಪುಸ್ತಕ ತಂದು, ನನ್ನ ಹಳೇದರ ಜೋಡಿ ಇಟ್ಟು, ಪೆನ್ಸಿಲ್ ಹಿಡದು ಕುಂತ್ಲು. "ನಿಂದ ಹಳೇ ಸಿಲಬಸ್. ಹೊಸಾದ್ರಾಗ ಭಾಳ ತೆಗದಾರ. ಇಲ್ಲಿಂದ ಇಲ್ಲಿತನಕ ಇಲ್ಲ. ಇದೂ ಇಲ್ಲ. ಇದು ಇಲ್ಲ." ಎಡಗೈ ನಿಯಮ ಹೋತು. ಮನಿ ವಾಯರಿಂಗ್ ಹೋತು. ಫ್ಯೂಜ್, ಅರ್ಥಿಂಗ್, ಶಾರ್ಟ್ ಸರ್ಕೀಟ್ — ಎಲ್ಲಾ ಹೋದ್ವು. ಪೆನ್ಸಿಲ್‌ಲೆ ಕಾಟು ಹೊಡಕೋತ ಹೋದ್ಲು.

ಎಷ್ಟ ಹಗರ ಆತು! ಅಕಿ ಮಾರಿ ಮಾತ್ರ ಕೆಂಪಗ ಆಗಿತ್ತು. "ನಿನಗೂ ಜ್ವರ ಬಂತೇನ?" ಅಂತ ಹಣಿ ಮುಟ್ಟಿ ನೋಡಿದೆ. ತಣ್ಣಗ ಇತ್ತು.

ಫೆಬ್ರವರಿ 1

ಹಳೇ ಸ್ಪೀಕರ್ ಒಡದು ಕಾಂತ ತಗದ್ವಿ. ಕಬ್ಬಿಣದ ಪುಡಿ ವೆಲ್ಡಿಂಗ್ ಅಂಗಡಿಯಿಂದ. ಕಾರ್ಡಶೀಟ್ ಮ್ಯಾಲ ಉದರಿಸಿ ಬಟ್ಟಿಲೆ ಟಕ್ ಟಕ್ ಅಂತ ಹೊಡದೆ — ಪುಡಿ ಎಲ್ಲಾ ತಾನ ಸರದು ಗೆರಿ ಗೆರಿ ಆತು. ನಾ ಚೀರಿದೆ. ಕೋಮಲ ಮೊದಲಿನಂಗ ಚೀರಲಿಲ್ಲ.

ಬಲರೇಖೆಗಳು ಒಂದನ್ನೊಂದು ಯಾಕ ಛೇದಿಸಂಗಿಲ್ಲ? ಛೇದಿಸಿದ್ರ ಆ ಜಾಗಾದಾಗ ದಿಕ್ಸೂಚಿ ಮುಳ್ಳ ಎರಡ ದಿಕ್ಕ ತೋರಿಸಬೇಕಾಕ್ಕೈತಿ. ಆಗಂಗಿಲ್ಲ. ಇದು ಬರ್ತೈತಿ, ಹೊಸಾದ್ರಾಗೂ ಐತಿ ಅಂದ್ಲು. ಚಲೋ ಬರಕೊಂಡೆ.

ಫೆಬ್ರವರಿ 5, ಮಧ್ಯಾಹ್ನ

ವಿಜ್ಞಾನ ಪೇಪರ್ ಇತ್ತು.

ಎಡಗೈ ನಿಯಮ ನಿರೂಪಿಸಿ. ಫ್ಯೂಸನ್ನು ಯಾವ ತಂತಿಗೆ ಜೋಡಿಸುತ್ತಾರೆ, ಏಕೆ? ಹ್ರಸ್ವಮಂಡಲ ಎಂದರೇನು? ಭೂಸಂಪರ್ಕ ತಂತಿಯ ಕಾರ್ಯವೇನು?

ಒಮ್ಮೆ ಓದಿದೆ. ಮತ್ತ ಓದಿದೆ. ಪೇಪರ್ ತಪ್ಪೇತಿ, ಹಳೇ ಪೇಪರ್ ಕೊಟ್ಟಾರ ಅನಸ್ತು. ಕೈ ಎತ್ತಿ ಎದ್ದ ನಿಂತು ಅಂದೆ, ದೊಡ್ಡ ದನಿಲೆ — "ಟೀಚರ್, ಇವು ಸಿಲಬಸ್‌ನ್ಯಾಗ ಇಲ್ಲರಿ."

ಕ್ಲಾಸಿಗೆ ಕ್ಲಾಸ ನಕ್ಕತು. ಚುಂಬಕದ ದಿನಾನೂ ಇಷ್ಟ ನಕ್ಕಿದ್ದಿಲ್ಲ.

ಟೀಚರ್ ಹಂತೇಕ ಬಂದು "ಯಾರ ಹೇಳಿದ್ರ ನಿನಗ?" ಅಂದ್ರು.

ಕೋಮಲನ ಕಡೆ ನೋಡಿದೆ. ಮುಂದಿನ ಸಾಲಿನ್ಯಾಗ ಬಗ್ಗಿ ಬರಿಯಾಕತ್ತಿದ್ಲು. ಎಡಗೈ ಡೆಸ್ಕಿನ ಮ್ಯಾಲ — ಹೆಬ್ಬಟ್ಟ, ತೋರಬಟ್ಟ, ನಡುವಿನ ಬಟ್ಟ ಮೂರೂ ಮೂರ ಕಡೆ ಚಾಚಿ. ಅದನ್ನ ನೋಡಿ ನೋಡಿ ಚಿತ್ರ ತಗಿಯಾಕತ್ತಿದ್ಲು.

"ನಾನ ತಪ್ಪ ತಿಳಕೊಂಡಿದ್ದೆರಿ" ಅಂದೆ. ಕುಂತೆ.

ಸಂಜಿ

ಕೋಮಲ ಹಾಲ ತರಾಕ ಹೋದಾಗ ಅಕಿ ಪುಸ್ತಕ ತಗದ ನೋಡಿದೆ. ಎಲ್ಲಾ ಅದಾವ. ಎಡಗೈ, ಫ್ಯೂಜ್, ಕೆಂಪ ತಂತಿ, ಕರೀ ತಂತಿ, ಹಸರ ತಂತಿ. ಅಡಿಗೆರಿ ಬ್ಯಾರೆ ಹೊಡದಾಳ, ಗುಲಾಬಿ ಸ್ಕೆಚ್ ಪೆನ್ನಿಲೆ.

ಮಾಡಿದ್ದು ಬ್ಯಾರೆ ಯಾರರ ಆಗಿದ್ರ...

ಫೆಬ್ರವರಿ 8

ಮೂರ ದಿನಾ ಮಾತಾಡಲಿಲ್ಲ. ಅಕಿನೂ ಆಡಲಿಲ್ಲ. ಒಂದ ಸೈಕಲ್ ಮ್ಯಾಲ ಮಾತಿಲ್ಲದ ಹೋಗೂದ ಭಾಳ ತ್ರಾಸು.

ಇವತ್ತ ಮಾಮಿ ಇಬ್ಬರನ್ನೂ ಹೊಳಿಗೆ ಕಳಿಸಿದ್ಲು, ಕೌದಿ ಒಗಿಯಾಕ. ಒದ್ದಿ ಕೌದಿ ಒಬ್ಬಾಕಿಲೆ ಹಿಂಡಾಕ ಆಗಂಗಿಲ್ಲ. ಅಕಿ ಆ ತುದಿ, ನಾ ಈ ತುದಿ. ತಿರುವೂಮುಂದ ಕೇಳಿದೆ, "ಯಾಕ?"

"ಏನ ಯಾಕ?"

"ಗೊತ್ತಿಲ್ಲದಂಗ ಮಾಡಬ್ಯಾಡ ಕೋಮಲ. ಫಸ್ಟ್ ಬರಬೇಕಿತ್ತಂದ್ರ ಹೇಳಬೇಕಿತ್ತು. ನಾ ನಿನ್ನ ಬಿಟ್ಟ ಯಾರನ್ನ ನಂಬಿದ್ದೆ ಈ ಊರಾಗ?"

ಅಕಿ ಕೌದಿ ತುದಿ ಬಿಟ್ಟಳು. ನೀರಾಗ ಬಿತ್ತು. "ನಾನಾಗೆ ಮಾಡಿಲ್ಲ. ನಿಮ್ಮವ್ವ ಹೇಳಿದ್ಲು."

ಕಪಾಳಕ್ಕ ಹೊಡದೆ. ಅಲ್ಲಿ ಒಗಿಯಾಕತ್ತಿದ್ದ ಹೆಣಮಕ್ಕಳೆಲ್ಲಾ ತಿರಗಿ ನೋಡಿದ್ರು. ನಾ ಯಾರನ್ನೂ ಯಾವತ್ತೂ ಹೊಡದಾಕಿ ಅಲ್ಲ.

ಕೋಮಲ ಗಲ್ಲ ಮುಟಗೊಳ್ಳಲಿಲ್ಲ. "ಹೊಡಿ. ಖರೆನ ಹೇಳತೀನಿ. ನಿನಗ ಜ್ವರ ಇದ್ದಾಗ ಅತ್ತಿ ನನ್ನ ಹೊರಗ ಕರದು ಕೈ ಹಿಡಕೊಂಡ್ಲು. ಅಕಿಗೆ ಎಲ್ಲಾ ಹೇಳಿಕೊಡಬ್ಯಾಡ ಬೇ, ಸ್ವಲ್ಪ ಬಿಡು, ನಿನಕಿಂತ ಹಿಂದ ಇರಲಿ, ನಿಮ್ಮವ್ವ ಸಿಟ್ಟ ಆಗ್ಯಾಳ ಅಂದ್ಲು. ಅತ್ತಿ ಅಳಾಕತ್ತಿದ್ಲು, ದೀಪಾ. ನಾ ಏನ ಮಾಡಬೇಕಿತ್ತು?"

"ನನಗ ಹೇಳಬೇಕಿತ್ತು."

ಕಾಲಿಲೆ ಒಂದ ಕಲ್ಲ ನೀರಿಗೆ ದೂಡಿದ್ಲು. ಆಮ್ಯಾಲ ಅಂದ್ಲು — "ಸುಳ್ಳ ಯಾಕ ಹೇಳಲಿ. ಅತ್ತಿ ಹಂಗ ಅಂದಾಗ ನನಗೂ ಒಳಗ ಹಗರ ಆತು."

ಕೌದಿ ಹರಕೋತ ಹೊಂಟಿತ್ತು. ಇಬ್ಬರೂ ಓಡಿ ಹೋಗಿ ಹಿಡದ್ವಿ. ಮತ್ತ ಹಿಂಡಿದ್ವಿ. ಹಿಂಡಬೇಕಲ್ಲ.

ಫೆಬ್ರವರಿ 9

ಕೋಮಲ ಸುಳ್ಳ ಹೇಳ್ಯಾಳ, ತನ್ನ ತಪ್ಪ ಅವ್ವನ ಮ್ಯಾಲ ಹಾಕ್ಯಾಳ ಅಂತ ನಿಕ್ಕಿ ಮಾಡಕೊಂಡಿದ್ದೆ. ಅವ್ವ ಇಲ್ಲ ಅಂದ್ರ ಸಾಕಿತ್ತು. ಸುಳ್ಳ ಅಂದ್ರೂ ನಂಬತಿದ್ದೆ.

ಅವ್ವ ರೊಟ್ಟಿ ಬಡಿಯಾಕತ್ತಿದ್ಲು. ಮನ್ಯಾಗ ಬ್ಯಾರೆ ಯಾರೂ ಇದ್ದಿಲ್ಲ.

"ಅವ್ವಾ, ಕೋಮಲಗ ನೀ ಏನರ ಹೇಳಿದ್ದೇನ?"

"ಏನ?" ಕೈ ನಿಂದರಲಿಲ್ಲ.

"ನನಗ ಪಾಠ ಬಿಡಸು ಅಂತ."

ಕೈ ನಿಂತ್ವು. "ಹೇಳಿದ್ದೆ" ಅಂದ್ಲು.

ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತಿತ್ತು. ಇಬ್ಬರೂ ತಗಿಲಿಲ್ಲ.

"ಸಂಕ್ರಮಣದ ದಿನ ನಿಮ್ಮ ಮಾಮಿ ಭಾಂಡೆ ಇಡೂ ಸಪ್ಪಳ ಕೇಳೀದಿ? ನಾ ಕೇಳೀನಿ. ಮನಿ ಬಿಡಸೂ ಸಪ್ಪಳ ಹೆಂಗಿರ್ತೈತಿ ನನಗ ಗೊತ್ತೈತಿ. ಮೀರಜದಾಗೂ ಮೊದಲ ಭಾಂಡೆನ ಸಪ್ಪಳಾಗಿದ್ವು. ಆಮ್ಯಾಲ ಮಾತು."

"ಅದಕ್ಕ?"

"ನಾಕ ಮಾರ್ಕ್ಸ್ ಹೋದ್ರ ಏನ ಹೊಕ್ಕೈತಿ? ಫೇಲ್ ಮಾಡು ಅಂದಿಲ್ಲ ನಾ. ಅಕಿಕಿಂತ ಒಂದ ಪಾವಟಿಗಿ ಕೆಳಗ ಇರಲಿ ಅಂದೆ. ಮನಿ ಮಗಳ ಮುಂದಿರಲಿ. ನಮಗ ಮ್ಯಾಲ ಒಂದ ಸೂರ ಇರಲಿ."

"ನನ್ನ ಕೇಳಬೇಕಿತ್ತು. ಕಡಿಮಿ ಬರಿ ಅಂದಿದ್ರ ಬರೀತಿದ್ದೆ."

"ಬರೀತಿದ್ದಿಲ್ಲ."

"ಬರೀತಿದ್ದೆ ಅವ್ವಾ!"

"ಬರದು ಅಳತಿದ್ದಿ" ಅಂದ್ಲು ಅವ್ವ. "ಅದನ್ನ ನೋಡಾಕ ನನ್ನ ಕೈಲೆ ಆಗತಿದ್ದಿಲ್ಲ. ಹಿಂಗಾದ್ರ ನಿನಗ ಗೊತ್ತಾಗಂಗಿಲ್ಲ ಅಂತ..."

ಎಡಗೈ ನಿಯಮ ಗೊತ್ತಿಲ್ಲದಿದ್ರ ಮಾರ್ಕ್ಸ್ ಹೊಕ್ಕಾವ. ಎದ್ದ ನಿಂತು ಎಲ್ಲಾರ ಮುಂದ ನಗೆಪಾಟಲ ಆಗತೀನಿ ಅನ್ನೂದ ಅವ್ವನ ಲೆಕ್ಕದಾಗ ಇದ್ದಿಲ್ಲ.

ಹಣಿ ಮ್ಯಾಲ ಒದ್ದಿ ಅರಬಿ ಇಟ್ಟದ್ದೂ ಅದ ಕೈ. ಹೊರಗ ಹೋಗಿ ಕೋಮಲನ ಕೈ ಹಿಡದದ್ದೂ ಅದ ಕೈ. ಎರಡೂ ಒಂದ ದಿನಾನ ಇರಬೇಕು. ಇದರ ಮುಂದ ಏನ ಬರಿಬೇಕು ತಿಳಿವಲ್ದು.

ಫೆಬ್ರವರಿ 16

ಮಾಮಿಗೆ ಗೊತ್ತಾತು. ಹೊಳಿಯಾಗ ನೋಡಿದ ಯಾರೋ ಹೆಣಮಗಳು "ದೀಪಾಲಿ ನಿನ್ನ ಮಗಳ ಕಪಾಳಕ್ಕ ಹೊಡದ್ಲಲ್ಲ" ಅಂತ ಹೇಳ್ಯಾಳ. ಮಾಮಿ ಕೋಮಲನ ಕೂಡಿಸಿಕೊಂಡ ಕೇಳಿದ್ಲು. ಅಕಿ ಎಲ್ಲಾ ಹೇಳಿದ್ಲು.

ನನಗ ಬೈತಾಳ ಅನಕೊಂಡಿದ್ದೆ. ನನ್ನ ಕಡೆ ನೋಡಲೂ ಇಲ್ಲ. ನೆಟ್ಟಗ ಅವ್ವನ ಮುಂದ ಹೋಗಿ ನಿಂತ್ಲು.

"ಸಾವಿತ್ರೆಕ್ಕಾ, ಅವತ್ತ ನನಗ ಸಿಟ್ಟ ಬಂದಿತ್ತು. ಹೌದು. ನನ್ನ ಮಗಳ ಮ್ಯಾಲ. ಮೊಬೈಲ್ ಹಿಡಕೊಂಡ ಕುಂದರ್ತಾಳ, ಓದಂಗಿಲ್ಲ ಅಂತ. ನಿನ್ನ ಮಗಳಿಗೆ ಒಂದ ಮಾತ ಅಂದೀನೇನ?"

ಅವ್ವ ತಲಿ ಎತ್ತಲಿಲ್ಲ. "ಅಂದಿಲ್ಲರಿ ವೈನಿ."

"ಎರಡ ವರ್ಷ ನನ್ನ ಮನ್ಯಾಗ ಉಂಡು, ನನ್ನ ಇಷ್ಟ ಕೆಟ್ಟಾಕಿ ಅಂತ ತಿಳಿದಿ? ತಿಳಕೊ. ಅದನ್ನ ನನ್ನ ಮಗಳ ಕಿವ್ಯಾಗ ಯಾಕ ಊದಿದಿ? ಅಕಿಗೆ ಸುಳ್ಳ ಹೇಳೂದ ಕಲಿಸಿದಿ. ನನ್ನ ಹೆಸರ ಹೇಳಿ ಕಲಿಸಿದಿ!"

ಮಾಮಾ ನಡುವ ಬಂದ, "ಬಿಡು, ಏನೋ ಅಂಜಿ..." ಮಾಮಿ ಅವಗ ಕೈ ಅಡ್ಡ ಹಿಡದ್ಲು. "ಪರೀಕ್ಷಾ ತನಕ ಇರ್ರಿ. ಹುಡುಗಿ ಓದಲಿ. ಆಮ್ಯಾಲ ನಿಮ್ಮ ದಾರಿ ನೀವ ನೋಡಕೋರಿ."

ಮಾಮಿ ಒಳಗ ಹೋದ್ಲು. ಭಾಂಡೆ ಸಪ್ಪಳ ಆಗಲೇ ಇಲ್ಲ. ಅಳೂ ಸಪ್ಪಳ ಆತು.

ಯಾವ ಮಾತು ಬರಬಾರದು ಅಂತ ಅವ್ವ ನನ್ನ ಬಲಿ ಕೊಟ್ಲೋ ಆ ಮಾತ ಇವತ್ತ ಬಂತು. ಅಕಿ ತಾನ ಅದನ್ನ ಕರದ ತಂದಂಗಾತು.

ಫೆಬ್ರವರಿ 24

ಪೇಪರ್: 58.

ಟೀಚರ್ ಊಟದ ಬಿಡುವಿನ್ಯಾಗ ಕರದ್ರು. ಯಾರ ಹೇಳಿದ್ರು ಅಂತ ಮತ್ತ ಕೇಳಲಿಲ್ಲ. ಆಫೀಸ್ ಹಿಂದಿನ ಮೀಟರ್ ಬೋರ್ಡ್ ತನಕ ಕರಕೊಂಡ ಹೋದ್ರು. ಇದು ಲೈವ್, ಇದು ನ್ಯೂಟ್ರಲ್. ಫ್ಯೂಜ್ ಲೈವಿಗೇ ಯಾಕ? ಪ್ರವಾಹ ಹೆಚ್ಚಾದ್ರ ಮೊದಲ ಅದು ಕರಗಬೇಕು, ಮನಿಯೊಳಗಿನ ಸಾಮಾನ ಉಳಿಬೇಕು. ಹಸರ ತಂತಿ ಕೈಲೆ ತೋರಿಸಿ ನೆಲದಾಗ ಹೂತ ಜಾಗಾ ತನಕ ನಡಿಸಿಕೊಂಡ ಹೋದ್ರು. "ಮಿಶನ್ನಿನ ಮೈಗೆ ಕರೆಂಟ್ ಬಂದ್ರ ಇದರ ಗುಂಟ ನೆಲಕ್ಕ ಹೊಕ್ಕೈತಿ. ಮುಟ್ಟಿದವರು ಉಳಿತಾರ."

ಎಡಗೈನೂ ಕಲಿಸಿದ್ರು. ತೋರಬಟ್ಟ ಕಾಂತಕ್ಷೇತ್ರ. ನಡುವಿನ ಬಟ್ಟ ಪ್ರವಾಹ. ಹೆಬ್ಬಟ್ಟ ಬಲ. ಐದ ಮಿನಿಟಿನ್ಯಾಗ ತಿಳೀತು. ಇಷ್ಟ ಸಣ್ಣದು.

ಅಲ್ಲೇ ಅಳು ಬಂತು. ಟೀಚರ್ ಗೋಡಿ ಕಡೆ ತಿರಗಿ ನಿಂತ್ರು, ಮುಗಿತನಕ. ಆಮ್ಯಾಲ ತಮ್ಮ ಸ್ವಂತ ಪುಸ್ತಕ ಕೊಟ್ರು. "ಪರೀಕ್ಷಾ ಆದ ಮ್ಯಾಲ ಕೊಡು. ಅಥವಾ ಇಟಗೊ."

ಮಾರ್ಚ್ 3

ಕೋಮಲ ತನ್ನ ಹೊಸ ಪುಸ್ತಕ ನನ್ನ ಹಾಸಿಗಿ ಮ್ಯಾಲ ಇಟ್ಟಿದ್ಲು. ತಗೊಂಡ ಹೋಗಿ ಅಕಿ ಹಾಸಿಗಿ ಮ್ಯಾಲ ಇಟ್ಟ ಬಂದೆ. ಮತ್ತ ಇಟ್ಲು. ಮತ್ತ ಇಟ್ಟ ಬಂದೆ. ಮೂರನೇ ಸಲ ಇಡಲಿಲ್ಲ.

ಯಾವದರ ಲೆಕ್ಕ ತಿಳಿಲಿಲ್ಲಂದ್ರ ಬಾಯಿ ತಾನ ತೆರಿತೈತಿ — "ಕೋಮಲ, ಇದ..." ಅಂತ. ಅಷ್ಟರಾಗ ಮುಚ್ಚಕೊಳತೀನಿ. ಅಕಿಕಿಂತ ಚಲೋ ಹೇಳಿಕೊಡಾಕಿ ಯಾರೂ ಇಲ್ಲ. ಅದ ಸಂಕಟ.

ಮಾರ್ಚ್ 25

ವಿಜ್ಞಾನ. ಫೈನಲ್.

ಎಡಗೈ ನಿಯಮ ಬಂತು. ಫ್ಯೂಜ್ ಬಂತು. ಸಮಾಂತರ ಜೋಡಣಿ ಲೆಕ್ಕ ಬಂತು — ಪೆನ್ನ ಊರೂ ಮೊದಲ ಕಣ್ಣಮುಂದ ಟ್ರ್ಯಾಕ್ಟರ್ ಸಾಲ ಬಂತು, ಕೋಮಲ ಬಟ್ಟ ಮಾಡಿ ತೋರಿಸಿದ್ದು ಬಂತು. ಬ್ಯಾಡ ಅಂದ್ರೂ ಬಂತು. ಉತ್ತರ ಸರಿ ಐತಿ.

ಕಡಿಮಿ ಬರಿ ಅಂತ ಯಾರೂ ಕೇಳಿಲ್ಲ. ಎಲ್ಲಾ ಬರದೆ.

ಗೇಟಿನ ಹೊರಗ ಅವ್ವ ನಿಂತಿದ್ಲು. ಒಂದ ಪೇಪರಿಗೂ ಬಂದಾಕಿ ಅಲ್ಲ, ಇವತ್ತ ಬಂದಿದ್ಲು. ಡಬ್ಬ್ಯಾಗ ಶಿರಾ ತಂದಿದ್ಲು.

"ಎಲ್ಲಾ ಬರದಿ?"

"ಬರದೆ."

"ಎಲ್ಲಾ?"

"ಎಲ್ಲಾ ಅವ್ವಾ."

ಅಕಿ ಮಾರಿ ನೋಡಿದೆ. ಖುಷಿ ಆತೋ, ಅಂಜಿಕಿ ಆತೋ ಗೊತ್ತಾಗಲಿಲ್ಲ. ಮೊದಲ ಅವ್ವನ ಮಾರಿ ನನಗ ಬಾಯಿಪಾಠ ಇತ್ತು.

ಶಿರಾ ತಿಂದೆ. ಚಲೋ ಆಗಿತ್ತು ಅಂತ ಹೇಳಲಿಲ್ಲ.

ಏಪ್ರಿಲ್ 8

ಕಾಗವಾಡಕ್ಕ ಬಂದ್ವಿ. ಬಾಪುಸಾಹೇಬರು ಅಂತ, ದ್ರಾಕ್ಷಿ ತ್ವಾಟದವರು. ಅವರ ಮನಿ ಹಿಂದಿನ ಖೋಲಿ. ಅವ್ವ ಅವರ ಮನ್ಯಾಗ ಅಡಗಿ ಕೆಲಸ ಹಿಡದಾಳ. ಮಾಮಾನೇ ಮಾತಾಡಿ ಕೂಡಿಸಿಕೊಟ್ಟ. ಟೆಂಪೋದಾಗ ನಮ್ಮ ಗಂಟ ಇಡೂಮುಂದ ಮಾಮಾ ಅವ್ವನ ಮಾರಿ ನೋಡಲಿಲ್ಲ.

ಮಾಮಿ ಎರಡ ಡಬ್ಬಿ ಹಿಟ್ಟು, ಒಂದ ಡಬ್ಬಿ ಉಪ್ಪಿನಕಾಯಿ ಕಟ್ಟಿ ಇಟ್ಟಿದ್ಲು. ನನ್ನ ತಲಿ ಮ್ಯಾಲ ಕೈ ಇಟ್ಲು. ಅವ್ವ "ಬರತೀನಿ ವೈನಿ" ಅಂದ್ರ ಹೂಂ ಅನ್ನಲಿಲ್ಲ.

ಕೋಮಲ ಟೆಂಪೋ ಹಿಂದ ಸೈಕಲ್ ಮ್ಯಾಲ ಬಂದ್ಲು. ಕಾರಖಾನಿ ತನಕ ಬಂದ್ಲು. ನಾ ಕೈ ಮಾಡಬೇಕಂತ ಎತ್ತಿದೆ. ಅಷ್ಟರಾಗ ಟೆಂಪೋ ತಿರಗಿತು. ತಿರಗಿರದಿದ್ರ ಮಾಡತಿದ್ದೆನೋ ಇಲ್ಲೋ.

ಏಪ್ರಿಲ್ 19

ಜಿನಮತಿ ಟೀಚರ್ ಫೋನ್ ಮಾಡಿದ್ರು. ಪ್ರಶ್ನೆಪತ್ರಿಕೆ ಹಿಡಕೊಂಡು ಒಂದೊಂದ ಕೇಳಿದ್ರು, ಏನ ಬರದಿ ಅಂತ. ಫಿಜಿಕ್ಸ್ ಮಾರ್ಕ್ಸ್ ಪೂರಾ ಬರತಾವ ಅಂದ್ರು. "ಅಥಣಿಯೊಳಗ ಪಿಯು ಸೈನ್ಸ್. ಹಾಸ್ಟೆಲ್ ನಾ ನೋಡತೀನಿ. ನಿಮ್ಮ ಅವ್ವಗ ಕೊಡು ಫೋನ್."

ಅವ್ವ ಹೂಂ ಹೂಂ ಅಂತ ಕೇಳಿದ್ಲು. "ಅಕಿ ಎಲ್ಲಿತನಕ ಓದತಾಳೋ ಓದಲಿರಿ" ಅಂದ್ಲು. ಫೋನ್ ಇಟ್ಟ ಮ್ಯಾಲ ನನ್ನ ಕಡೆ ನೋಡಿದ್ಲು, ನಾ ಏನರ ಅಂತೀನೇನೋ ಅಂತ.

ನಾ ಹೊರಗ ಎದ್ದ ಹೋದೆ. ಎದುರಿಗೆ ಒಂದ ಮಾತು, ಹಿಂದ ಒಂದ ಮಾತು ಆಡಿದವರು ಮತ್ತ ಎದುರಿಗೆ ಆಡಿದ್ರ ಹೆಂಗ ಕೇಳಬೇಕು? ಟೀಚರ್‌ಗೆ ಅವ್ವ ಹಿಂದಿನಿಂದ ಫೋನ್ ಮಾಡಿ ಬ್ಯಾಡ ಅಂದ್ರ? ಮಾಡಂಗಿಲ್ಲ. ಮಾಡಂಗಿಲ್ಲ ಅಂತ ನನಗ ಗೊತ್ತೈತಿ. ಆದ್ರೂ ಸಂಜಿಕ ಅವ್ವ ಹೂ ಕೊಯ್ಯಾಕ ಹೋದಾಗ ಮೊಬೈಲ್ ತಗದು ಯಾರಿಗೆ ಕಾಲ್ ಹೋಗ್ಯಾವ ಅಂತ ನೋಡಿದೆ.

ಒಂದೂ ಇಲ್ಲ. ನಾಚಿಕಿ ಬಂತು. ನಾಳಿ ಮತ್ತ ನೋಡತೀನಿ.

ಏಪ್ರಿಲ್ 30, ಮುಂಜಾನೆ

ಇವತ್ತ ರಿಜಲ್ಟ್. ಬಾಪುಸಾಹೇಬರ ಮಗಳು ಮೇಘಾ ಅಕ್ಕ ತನ್ನ ಮೊಬೈಲ್ ಹಿಡಕೊಂಡ ನಮ್ಮ ಖೋಲಿಗೇ ಬಂದಾಳ. ನನ್ನ ರಜಿಸ್ಟರ್ ನಂಬರ್ ಹಾಕಿ ಆಗೇತಿ. ಎಲ್ಲಾರೂ ಒಮ್ಮೆಲೆ ನೋಡಾಕತ್ತಾರಂತ, ಸೈಟ್ ಗರಗರ ತಿರಗಾಕತ್ತೈತಿ. ಕೈ ಸುಮ್ಮ ಕುಂದರವಲ್ವು, ಅದಕ್ಕ ಬರಿಯಾಕತ್ತೀನಿ.

ಅವ್ವ ಹಿಟ್ಟಿನ ಕೈಲೆ ಬಂದು ಹೊಚ್ಚಲದಾಗ ನಿಂತಾಳ. ಒಳಗ ಬರವಲ್ಲಳು. ಕಣ್ಣ ಮುಚ್ಯಾಳ. ಕೈ ಜೋಡಿಸ್ಯಾಳ. ತುಟಿ ಅಲುಗಾಡಾಕತ್ತಾವ, ದನಿ ಇಲ್ಲ. ಏನ ಬೇಡಕೊಳ್ಳಾಕತ್ತಾಳ ಅಂತ ನೋಡಾಕತ್ತೀನಿ. ಹೆಚ್ಚ ಬರಲಿ ಅಂತೋ, ಕೋಮಲಕಿಂತ ಕಡಿಮಿ —

ಬಂತು ಅಂದ್ಲು ಮೇಘಾ ಅಕ್ಕ. ಅವ್ವ ಇನ್ನೂ ಕಣ್ಣ ತೆಗದಿಲ್ಲ.